ಗೇಟು ಯಾರಿಗಾಗಿ ತೆರೆದಿದೆ? ವಿಶ್ವವಿದ್ಯಾಲಯಗಳನ್ನು ನಡೆಸುವವರಿಗೊಂದು ಬಹಿರಂಗ ಪತ್ರ

ಬೆಂಗಳೂರು ವಿಶ್ವವಿದ್ಯಾಲಯ, ಬೆಂಗಳೂರು ನಗರ ವಿಶ್ವವಿದ್ಯಾಲಯ ಮತ್ತು ಬೆಂಗಳೂರು ಉತ್ತರ ವಿಶ್ವವಿದ್ಯಾಲಯಗಳ ಸಿಂಡಿಕೇಟ್ ಹಾಗೂ ವಿದ್ಯಾವಿಷಯಕ ಪರಿಷತ್ತಿನ ಸದಸ್ಯರಿಗೆ,



2023ರ ಅಕ್ಟೋಬರ್ 9ರಂದು ನಮ್ಮ ಮೆಟ್ರೊದ ನೇರಳೆ ಮಾರ್ಗದಲ್ಲಿ ಬೈಯಪ್ಪನಹಳ್ಳಿ ಮತ್ತು ಕೆ.ಆರ್. ಪುರದ ನಡುವೆ ಬಾಕಿ ಉಳಿದಿದ್ದ ತುಂಡು ದಾರಿ ತೆರೆಯಿತು. ಅದೇ ದಿನ ಆ ಕಡೆ ಕೆಂಗೇರಿಯಿಂದ ಚಲ್ಲಘಟ್ಟದವರೆಗೂ ರೈಲು ಓಡತೊಡಗಿತು. ವೈಟ್‌ಫೀಲ್ಡಿನ ಐಟಿ ನೌಕರರಿಗೆ ಟಿನ್ ಫ್ಯಾಕ್ಟರಿ ಟ್ರಾಫಿಕ್ಕಿನ ಕಾಟ ತಪ್ಪಿತು ಎಂಬ ಮಾತು ಎಲ್ಲೆಡೆ ಕೇಳಿಬಂತು. ಅದು ನಿಜವೂ ಹೌದು. ಆದರೆ ಅಂದು ಇನ್ನೊಂದು ಅನುಕೂಲವೂ ಆಯಿತು, ಅದರ ಬಗ್ಗೆ ಯಾರೂ ಹೆಚ್ಚು ಮಾತಾಡಲಿಲ್ಲ. ಕಾಡುಗೋಡಿ, ಹೂಡಿ, ಕೆ.ಆರ್. ಪುರದ ಹುಡುಗ ಹುಡುಗಿಯರು ಎಲ್ಲೂ ಇಳಿದು ಹತ್ತದೆ, ಒಂದೇ ರೈಲಿನಲ್ಲಿ ಸೆಂಟ್ರಲ್ ಕಾಲೇಜಿಗೂ ಜ್ಞಾನಭಾರತಿಗೂ ಹೋಗುವಂತಾಯಿತು. ಎರಡೂ ಹೆಸರಿನ ನಿಲ್ದಾಣಗಳು ಆ ಮಾರ್ಗದಲ್ಲೇ ಇವೆ.

ಈ ಪತ್ರ ಆ ವಿದ್ಯಾರ್ಥಿಗಳ ಪರವಾಗಿ. ದೊಡ್ಡದೊಂದು ವಿಶ್ವವಿದ್ಯಾಲಯದ ಆವರಣ ಅವರ ಕಣ್ಣಿಗೆ ಹೇಗೆ ಕಾಣುತ್ತದೆ, ಅವರ ದಿನದಲ್ಲಿ ಅದಕ್ಕೆ ಎಷ್ಟು ಪಾಲಿದೆ ಎಂಬುದು ಕಟ್ಟಡ ಸಮಿತಿಯ ಕಡತದಲ್ಲಿ ಇರುವುದಿಲ್ಲ. ಎಷ್ಟು ಚದರಡಿ, ಎಷ್ಟು ಕೊಠಡಿ, ಎಷ್ಟು ಅಂದಾಜು ವೆಚ್ಚ ಎಂಬ ಲೆಕ್ಕ ಮಾತ್ರ ಇರುತ್ತದೆ. ತರಗತಿಗೂ ತರಗತಿಗೂ ನಡುವಿನ ಹೊತ್ತಿನಲ್ಲಿ ವಿದ್ಯಾರ್ಥಿ ಎಲ್ಲಿ ಕೂರುತ್ತಾನೆ, ಸಂಜೆ ಆರೂವರೆಗೆ ಲೈಬ್ರರಿಯಿಂದ ಹೊರಟ ವಿದ್ಯಾರ್ಥಿನಿ ಯಾವ ರಸ್ತೆಯಲ್ಲಿ ನಡೆದು ಗೇಟು ಮುಟ್ಟುತ್ತಾಳೆ ಎಂಬುದನ್ನು ಬರೆದುಕೊಳ್ಳಲು ಆ ಕಡತದಲ್ಲಿ ಕಾಲಮ್ಮೇ ಇಲ್ಲ.

ಮೊದಲು ಅವರು ಹೊರಟು ಬರುವ ಜಾಗವನ್ನು ನೋಡಬೇಕು.

ದಂಡು (ಕಂಟೋನ್ಮೆಂಟ್) ಪ್ರದೇಶದಲ್ಲಿ ಮತ್ತು ಅದರ ಪೂರ್ವಕ್ಕೆ ಕಾಲೇಜುಗಳಿಗೆ ಬರವಿಲ್ಲ. ಮಿಲ್ಲರ್ಸ್ ರಸ್ತೆಯ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜು 1910ರದ್ದು. ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರರು 1873ರಲ್ಲಿ ಶುರುಮಾಡಿದ ಶಾಲೆಯಿಂದ ಬೆಳೆದ ಆರ್‌ಬಿಎಎನ್‌ಎಂ ಸಂಸ್ಥೆಯ ಕಾಲೇಜು ಹಲಸೂರು ಕೆರೆಯ ಮಗ್ಗುಲಲ್ಲೇ ಇದೆ. ಅರಮನೆ ರಸ್ತೆಯಲ್ಲಿ ಮೌಂಟ್ ಕಾರ್ಮೆಲ್ 1948ರಿಂದ ಇದೆ. ಶಿವಾಜಿನಗರದ ಬೌರಿಂಗ್ ಆಸ್ಪತ್ರೆಗೆ ಹೊಂದಿಕೊಂಡು ಸರ್ಕಾರಿ ವೈದ್ಯಕೀಯ ಕಾಲೇಜೂ ಬಂದಿದೆ. ಹಳೆ ಮದ್ರಾಸ್ ರಸ್ತೆ ಹಿಡಿದು ಕೆ.ಆರ್. ಪುರ ದಾಟಿದರೆ ಖಾಸಗಿ ಎಂಜಿನಿಯರಿಂಗ್, ಮ್ಯಾನೇಜ್‌ಮೆಂಟ್ ಕಾಲೇಜುಗಳ ಸಾಲು.

ಆದರೆ ಬಿ.ಕಾಂ., ಬಿಸಿಎ, ಬಿಬಿಎ ಓದುವ ಸಾಮಾನ್ಯ ಮನೆಯ ಮಕ್ಕಳ ಪಾಲಿಗೆ ಕಾಲೇಜೆಂದರೆ ಬಹಳ ಸಲ ನಾಲ್ಕು ಮಹಡಿಯ ಒಂದು ಕಟ್ಟಡ. ಅಕ್ಕಪಕ್ಕದಲ್ಲಿ ಹಾರ್ಡ್‌ವೇರ್ ಅಂಗಡಿ, ಮೊಬೈಲ್ ರಿಪೇರಿ ಅಂಗಡಿ. ಕೆಳಗೆ ದ್ವಿಚಕ್ರ ವಾಹನಗಳು, ಮೊದಲ ಮಹಡಿಯಲ್ಲಿ ಆಫೀಸು, ಅದರ ಮೇಲೆ ತರಗತಿ, ಟೆರೇಸಿನ ಮೇಲೆ ಶಾಮಿಯಾನ ಹಾಕಿದರೆ ಅದೇ ಕಾಲೇಜು ಹಬ್ಬದ ರಂಗಮಂಟಪ. ಬೆಲ್ ಹೊಡೆದ ಮೇಲೆ ನಿಲ್ಲಲು ಜಾಗವಿಲ್ಲ. ಕಾರಿಡಾರಿನಲ್ಲಿ ನಾಲ್ಕು ಜನ ನಿಂತರೆ ಐದನೆಯವನು ಹೋಗಲು ದಾರಿ ಇರುವುದಿಲ್ಲ. ಹಾಗಾಗಿ ಮಾತುಕತೆ, ಜಗಳ, ಸ್ನೇಹ, ಪರೀಕ್ಷೆಯ ಹಿಂದಿನ ದಿನದ ನೋಟ್ಸ್ ವಿನಿಮಯ ಎಲ್ಲವೂ ಎದುರಿನ ಟೀ ಅಂಗಡಿಯ ಮುಂದೆ, ನಿಲ್ಲಿಸಿದ ಸ್ಕೂಟರುಗಳ ಸೀಟಿನ ಮೇಲೆ ನಡೆಯುತ್ತವೆ. ಪಾಠ ಚೆನ್ನಾಗಿಯೇ ನಡೆಯಬಹುದು, ಮೇಷ್ಟ್ರು ಮೇಡಂಗಳು ಶ್ರದ್ಧೆಯವರೇ ಇರಬಹುದು. ಪಾಠ ಮುಗಿದ ಮೇಲೂ ಅಲ್ಲೇ ಉಳಿದು ಓದುವ, ಸುಮ್ಮನೆ ಕೂರುವ, ಬೇರೆ ವಿಷಯದವರೊಡನೆ ಹರಟುವ ಅವಕಾಶ ಮಾತ್ರ ಅಲ್ಲಿಲ್ಲ.

ಹಾಗೆಂದು ಪೂರ್ವ ಬೆಂಗಳೂರಿನಲ್ಲಿ ವಿಶಾಲ ಜಾಗವೇ ಇಲ್ಲ ಎನ್ನುವಂತಿಲ್ಲ. ದಂಡು ನೆಲೆಯೂರಿದ್ದೇ ಪರೇಡು ಮೈದಾನಗಳ ಸುತ್ತ. ಹಲಸೂರು ಕೆರೆಯ ದಡದಲ್ಲಿ ಮದ್ರಾಸ್ ಸ್ಯಾಪರ್ಸ್‌ನ ನೆಲೆ ಇದೆ. ದೊಮ್ಮಲೂರಿನ ಕಡೆ ಸೇನೆಯ ಇನ್ನೊಂದು ಕೇಂದ್ರ, ಸಿ.ವಿ. ರಾಮನ್ ನಗರದಲ್ಲಿ ಡಿಆರ್‌ಡಿಒ ಪ್ರಯೋಗಾಲಯಗಳು, ಹಳೆ ವಿಮಾನ ನಿಲ್ದಾಣ ರಸ್ತೆಯಲ್ಲಿ ಎಚ್‌ಎಎಲ್, ದೂರವಾಣಿ ನಗರದಲ್ಲಿ 1948ರಲ್ಲಿ ಹುಟ್ಟಿದ ಐಟಿಐ. ಈಚಿನ ಮೂರು ದಶಕಗಳಲ್ಲಿ ಇವುಗಳ ಜೊತೆಗೆ ಬಾಗ್ಮನೆ, ಆರ್‌ಎಂಝಡ್, ಐಟಿಪಿಎಲ್‌ನಂಥ ಟೆಕ್ ಪಾರ್ಕುಗಳು ಸೇರಿದವು. ಒಳಗೆ ಹುಲ್ಲುಹಾಸು, ಮರದ ನೆರಳು, ಅಗಲ ರಸ್ತೆ. ಹೊರಗೆ ಎತ್ತರದ ಗೋಡೆ, ಗೇಟಿನಲ್ಲಿ ಗುರುತಿನ ಚೀಟಿ ಕೇಳುವ ಗಾರ್ಡ್. ಅವುಗಳಲ್ಲಿ ಹಲವಕ್ಕೆ ಆ ಕಾವಲು ಅಗತ್ಯವೇ. ಆದರೆ ಅದರ ಫಲವನ್ನು ಗಮನಿಸಬೇಕು. ಹಲಸೂರಿನಲ್ಲೋ ದೂರವಾಣಿ ನಗರದಲ್ಲೋ ಹುಟ್ಟಿ ಬೆಳೆದ ಮಗು ಬಸ್ಸಿನ ಕಿಟಕಿಯಿಂದ, ಗೋಡೆಯ ಮೇಲೆ ಇಣುಕುವ ಮರದ ತುದಿಯನ್ನು ನೋಡುತ್ತಲೇ ಇಪ್ಪತ್ತು ವರ್ಷ ಕಳೆಯುತ್ತದೆ. ಅಪ್ಪನೋ ಅಮ್ಮನೋ ಅದೇ ಗೋಡೆಯ ಒಳಗೆ ಸೆಕ್ಯುರಿಟಿ ಕೆಲಸಕ್ಕೆ, ಹೌಸ್‌ಕೀಪಿಂಗ್ ಕೆಲಸಕ್ಕೆ ಹೋಗುವುದೂ ಉಂಟು. ವಿಶಾಲವಾದ, ಹಸಿರಾದ ಜಾಗವೆಂದರೆ ಅದು ಬೇರೆಯವರದು ಎಂಬುದನ್ನು ಆ ಮಗುವಿಗೆ ಯಾರೂ ಬಾಯಿಬಿಟ್ಟು ಹೇಳಿಕೊಡಬೇಕಾಗಿಲ್ಲ.

ಎಂ.ಎ., ಎಂ.ಎಸ್ಸಿ., ಎಂ.ಕಾಂ. ಸೀಟು ಸಿಕ್ಕಿ ಹೀಗೆ ಬೆಳೆದ ಹುಡುಗಿಯೊಬ್ಬಳು ಮೊದಲ ಸಲ ಜ್ಞಾನಭಾರತಿ ನಿಲ್ದಾಣದಲ್ಲಿ ಇಳಿದಾಗ ಏನಾಗುತ್ತದೆ ಎಂಬುದನ್ನು ಈ ಹಿನ್ನೆಲೆಯಲ್ಲಿ ನೋಡಬೇಕು.

ಬೆಂಗಳೂರು ವಿಶ್ವವಿದ್ಯಾಲಯ 1964ರ ಜುಲೈನಲ್ಲಿ ಮೈಸೂರು ವಿಶ್ವವಿದ್ಯಾಲಯದಿಂದ ಬೇರೆಯಾಗಿ ಹುಟ್ಟಿತು. ಆಗ ಅದರ ಕೈಯಲ್ಲಿದ್ದ ಮುಖ್ಯ ಆಸ್ತಿ ಸೆಂಟ್ರಲ್ ಕಾಲೇಜು ಮತ್ತು ಕೆ.ಆರ್. ವೃತ್ತದ ಎಂಜಿನಿಯರಿಂಗ್ ಕಾಲೇಜು ಯುವಿಸಿಇ. ಊರ ನಡುವಿನ ಜಾಗ ಸಾಲದೆ ಹೋದಾಗ, 1973ರ ಹೊತ್ತಿಗೆ, ಮೈಸೂರು ರಸ್ತೆ ಮತ್ತು ನಾಗರಬಾವಿಯ ನಡುವೆ ಸುಮಾರು 1,100 ಎಕರೆಯ ಜ್ಞಾನಭಾರತಿ ಆವರಣಕ್ಕೆ ನೆಲೆ ಬದಲಾಯಿತು. ಗಾಂಧಿವಾದಿ, ವಿಚಾರವಾದಿ ಡಾ. ಎಚ್. ನರಸಿಂಹಯ್ಯನವರು ಕುಲಪತಿಯಾಗಿದ್ದ ಕಾಲ ಅದು. ಹಲಸೂರಿನವರಿಗೆ ಅರ್ಥವಾಗುವಂತೆ ಹೇಳುವುದಾದರೆ, ಹಲಸೂರು ಕೆರೆಯಷ್ಟು ದೊಡ್ಡ ಎಂಟು ಕೆರೆಗಳನ್ನು ಅಲ್ಲಿ ಇಟ್ಟರೂ ಇನ್ನಷ್ಟು ಜಾಗ ಮಿಗುತ್ತದೆ. ಮುಂದೆ ಅದೇ ನೆಲದಲ್ಲಿ ರಾಷ್ಟ್ರೀಯ ಕಾನೂನು ಶಾಲೆ, ಕ್ರೀಡಾ ಪ್ರಾಧಿಕಾರದ ದಕ್ಷಿಣ ಕೇಂದ್ರದಂಥ ಸಂಸ್ಥೆಗಳಿಗೂ ಪಾಲು ಹೋಯಿತು. ಅಷ್ಟಾದರೂ ಉಳಿದದ್ದು ದೊಡ್ಡದೇ.

ಮೊದಲ ವಾರ ಅವಳಿಗೆ ಅದು ದಿಕ್ಕು ತಪ್ಪಿಸುವ ಜಾಗ. ವಿಭಾಗ ಎಲ್ಲಿದೆ ಎಂದು ಕೇಳಿದರೆ, ಮುಂದೆ ಹೋಗಿ ಎಡಕ್ಕೆ ತಿರುಗಿ ಎಂಬ ಉತ್ತರ ಬರುತ್ತದೆ. ಆ ಮುಂದೆ ಎನ್ನುವುದು ಹದಿನೈದು ನಿಮಿಷದ ನಡಿಗೆ ಎಂಬುದು ನಡೆದ ಮೇಲೆ ತಿಳಿಯುತ್ತದೆ. ಅಡ್ಮಿನ್ ಬ್ಲಾಕಿನಲ್ಲಿ ಚಲನ್, ಇನ್ನೆಲ್ಲೋ ಬ್ಯಾಂಕ್, ಮತ್ತೆಲ್ಲೋ ಹಾಸ್ಟೆಲ್ ಆಫೀಸು. ಒಂದು ಸಹಿ, ಒಂದು ಸೀಲಿಗಾಗಿ ಮೂರು ಕಡೆ ಅಲೆದಾಟ. ದೂರದ ಊರಿಂದ ಬಂದವರ ಕೈಯಲ್ಲಿ ಪ್ಲಾಸ್ಟಿಕ್ ಫೈಲು, ಅದರೊಳಗೆ ಜಾತಿ ಮತ್ತು ಆದಾಯ ಪ್ರಮಾಣಪತ್ರ, ವರ್ಗಾವಣೆ ಪತ್ರ, ಅಂಕಪಟ್ಟಿಗಳ ಮೂರು ಮೂರು ಜೆರಾಕ್ಸು. ಸೀನಿಯರುಗಳು ಇಲ್ಲದಿದ್ದರೆ ಮೊದಲ ವಾರ ದಾಟುವುದು ಕಷ್ಟ.

ತಿಂಗಳು ಕಳೆಯುವಷ್ಟರಲ್ಲಿ ಅದೇ ದೂರ ಅವಳಿಗೆ ಒಗ್ಗಿಹೋಗಿರುತ್ತದೆ. ಬೆಳಗಿನ ಒಂಬತ್ತೂವರೆಗೆ ಎಲ್ಲೋ ಒಂದು ನವಿಲು ಕೂಗುತ್ತದೆ. ಮಧ್ಯಾಹ್ನ ಮರದ ಕೆಳಗೆ ಪೇಪರ್ ಹಾಸಿ, ಸ್ಟೀಲ್ ಡಬ್ಬಿ ಬಿಚ್ಚುತ್ತಾರೆ. ಶಿವಾಜಿನಗರದವಳ ಡಬ್ಬಿಯಲ್ಲಿ ಕುಷ್ಕಾ, ಹಲಸೂರಿನವನ ಡಬ್ಬಿಯಲ್ಲಿ ಪುಳಿಯೋಗರೆ, ಹಾಸ್ಟೆಲಿನ ಚಿಂತಾಮಣಿ ಹುಡುಗಿಯ ಕೈಯಲ್ಲಿ ಮೆಸ್ಸಿನ ಚಿತ್ರಾನ್ನ. ಡಬ್ಬಿಗಳು ಕೈ ಬದಲಾಗುತ್ತವೆ. ಮನೆಯಲ್ಲಿ ಉರ್ದು ಮಾತಾಡುವವಳು, ತಮಿಳು ಮಾತಾಡುವವನು, ಗಡಿಯ ತೆಲುಗು ಮಾತಾಡುವವಳು ಅಲ್ಲಿ ಕನ್ನಡದಲ್ಲಿ ಹರಟುತ್ತಾರೆ. ದಂಡಿನ ಎಷ್ಟೋ ಮಕ್ಕಳಿಗೆ ಕನ್ನಡ ಶಾಲೆಯ ಒಂದು ವಿಷಯವಾಗಿತ್ತು. ಸ್ನೇಹದ ಭಾಷೆಯಾಗುವುದು ಇಂಥ ಕಡೆ. ಮುಳಬಾಗಿಲಿನಿಂದ ಬಂದ ಹುಡುಗ ಸಮಾಜಶಾಸ್ತ್ರದ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯುತ್ತಾನೆ, ಫ್ರೇಜರ್ ಟೌನಿನ ಹುಡುಗಿ ಇಂಗ್ಲಿಷಿನಲ್ಲಿ. ಪರೀಕ್ಷೆಯ ಹಿಂದಿನ ವಾರ ಇಬ್ಬರೂ ಒಬ್ಬರ ನೋಟ್ಸನ್ನು ಇನ್ನೊಬ್ಬರಿಗೆ ಬಿಡಿಸಿ ಹೇಳುತ್ತಾರೆ. ಇದನ್ನು ಯಾವ ಪಠ್ಯಕ್ರಮವೂ ವಿಧಿಸಿಲ್ಲ. ಕೂರಲು ಜಾಗ ಇದ್ದದ್ದರಿಂದ, ಕೂರಲು ಹೊತ್ತು ಇದ್ದದ್ದರಿಂದ ಅದು ಆಯಿತು.

ಇಂಥ ಹೊತ್ತಿನಿಂದ ಏನು ಹುಟ್ಟಬಹುದು ಎಂಬುದಕ್ಕೆ ಇದೇ ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಕೇಂದ್ರದ ಚರಿತ್ರೆಯೇ ಸಾಕ್ಷಿ. ಜಿ.ಎಸ್. ಶಿವರುದ್ರಪ್ಪನವರು ಅದನ್ನು ಕಟ್ಟಿ ಬೆಳೆಸಿದರು. ಚಂದ್ರಶೇಖರ ಕಂಬಾರ, ಕಿ.ರಂ. ನಾಗರಾಜ, ಡಿ.ಆರ್. ನಾಗರಾಜ್ ಅಲ್ಲಿ ಕಲಿಸಿದರು. ಶ್ರೀರಾಮಪುರದ ಕೊಳೆಗೇರಿಯಲ್ಲಿ ಬೆಳೆದು ಹಾಸ್ಟೆಲಿನಲ್ಲಿದ್ದು ಓದಿದ ಸಿದ್ಧಲಿಂಗಯ್ಯನವರು ಅಲ್ಲಿಯ ವಿದ್ಯಾರ್ಥಿಯೂ ಆದರು, ಪ್ರಾಧ್ಯಾಪಕರೂ ಆದರು. ಅವರ ‘ಹೊಲೆಮಾದಿಗರ ಹಾಡು’ 1975ರಲ್ಲಿ ಬಂತು. ಒಂದು ತಲೆಮಾರಿನ ದಲಿತ, ಬಂಡಾಯ ಚಳವಳಿಗಳ ಚರ್ಚೆಗಳು ಬೆಳೆದದ್ದು ತರಗತಿಯ ನಾಲ್ಕು ಗೋಡೆಗಳೊಳಗೆ ಮಾತ್ರವಲ್ಲ, ಹಾಸ್ಟೆಲಿನ ಕೋಣೆಗಳಲ್ಲಿ, ಕ್ಯಾಂಟೀನುಗಳಲ್ಲಿ, ದಾರಿಯ ನಡಿಗೆಯಲ್ಲಿ ಕೂಡ. ಅದಕ್ಕೂ ಮೊದಲು ಮೈಸೂರಿನಲ್ಲಿ ಕುವೆಂಪು ಅವರು ಕುಲಪತಿಯಾಗಿದ್ದಾಗ ಕುಕ್ಕರಹಳ್ಳಿ ಕೆರೆಯ ಪಕ್ಕದಲ್ಲಿ ಮಾನಸಗಂಗೋತ್ರಿಯ ಕನಸು ಕಂಡದ್ದೂ ಇದೇ ನಂಬಿಕೆಯಿಂದ. ಓದುವವನಿಗೆ ನಡೆಯಲು ದಾರಿ ಬೇಕು, ಕೂರಲು ನೆರಳು ಬೇಕು.

ಈ ಎಲ್ಲ ಒಳಿತನ್ನೂ ಇವತ್ತು ಜ್ಞಾನಭಾರತಿ ಆವರಣದ ರಸ್ತೆಗಳೇ ತಿನ್ನುತ್ತಿವೆ.

ನಾಗರಬಾವಿ, ಮಲ್ಲತ್ತಹಳ್ಳಿ, ಉಲ್ಲಾಳದ ಕಡೆಯಿಂದ ಮೈಸೂರು ರಸ್ತೆಗೆ ಬರುವವರಿಗೆ ಜ್ಞಾನಭಾರತಿ ಒಂದು ಅಡ್ಡದಾರಿ. ಬೆಳಿಗ್ಗೆ, ಸಂಜೆ ಕಾರು, ಬೈಕು, ಟೆಂಪೊಗಳು ವಿಭಾಗಗಳ ಮುಂದೆಯೇ ಓಡುತ್ತವೆ. 2022ರ ಅಕ್ಟೋಬರಿನಲ್ಲಿ ಆವರಣದ ಒಳಗೇ ಬಿಎಂಟಿಸಿ ಬಸ್ಸು ಹತ್ತುವಾಗ ಬಿದ್ದು, ಚಕ್ರಕ್ಕೆ ಸಿಲುಕಿದ ಸ್ನಾತಕೋತ್ತರ ಗಣಿತದ ವಿದ್ಯಾರ್ಥಿನಿಯೊಬ್ಬಳು ಕೆಲವು ದಿನ ಆಸ್ಪತ್ರೆಯಲ್ಲಿದ್ದು ತೀರಿಕೊಂಡಳು. ಕೋಲಾರ ಜಿಲ್ಲೆಯ ಹುಡುಗಿ. ವಿದ್ಯಾರ್ಥಿಗಳು ದಿನಗಟ್ಟಲೆ ರಸ್ತೆಯಲ್ಲಿ ಕೂತರು. ಹೊರಗಿನ ವಾಹನಗಳನ್ನು ನಿಲ್ಲಿಸಿ ಎಂದು ಪಟ್ಟು ಹಿಡಿದರು. ಅವರು ಕೇಳಿದ್ದು ಹೊಸ ಕಟ್ಟಡವನ್ನಲ್ಲ, ಫೀಸ್ ಕಡಿತವನ್ನೂ ಅಲ್ಲ. ತಮ್ಮ ವಿಶ್ವವಿದ್ಯಾಲಯದಲ್ಲಿ ಭಯವಿಲ್ಲದೆ ನಡೆಯುವ ಹಕ್ಕನ್ನು ಕೇಳಿದರು.

ಆ ಬೇಡಿಕೆಯನ್ನು ಕಾನೂನು ಸುವ್ಯವಸ್ಥೆಯ ಪ್ರಶ್ನೆಯಾಗಿ ನೋಡುವುದು ಸುಲಭ. ಅದು ಶಿಕ್ಷಣದ ಪ್ರಶ್ನೆ. ರಸ್ತೆಗೆ ಹೆದರಿದ ವಿದ್ಯಾರ್ಥಿನಿ ಕೊನೆಯ ತರಗತಿ ಮುಗಿದ ಕೂಡಲೇ ಗೇಟಿನ ಕಡೆ ಓಡುತ್ತಾಳೆ. ಲೈಬ್ರರಿಗೆ ಹೋಗುವುದಿಲ್ಲ, ವಿಚಾರ ಸಂಕಿರಣಕ್ಕೆ ನಿಲ್ಲುವುದಿಲ್ಲ, ನಾಟಕದ ತಾಲೀಮಿಗೆ ಹೆಸರು ಕೊಡುವುದಿಲ್ಲ. ಕತ್ತಲಾದ ಮೇಲೆ ಬೀದಿದೀಪದಿಂದ ಬೀದಿದೀಪಕ್ಕೆ, ಮೊಬೈಲಿನ ಟಾರ್ಚು ಹಿಡಿದು, ಮೂರು ಜನ ಕೂಡಿಕೊಂಡೇ ನಡೆಯಬೇಕಾದ ಸ್ಥಿತಿ ಇದ್ದರೆ, ಅಷ್ಟು ದೊಡ್ಡ ಆವರಣದಲ್ಲಿ ಅವಳ ಪಾಲಿಗೆ ಸಿಕ್ಕಿದ್ದು ಒಂದು ತರಗತಿ ಕೋಣೆ ಮತ್ತು ಒಂದು ಬಸ್ ಸ್ಟಾಪು. ಹಾಗಾದರೆ ಟೆರೇಸಿನ ಶಾಮಿಯಾನದ ಕಾಲೇಜಿಗೂ ಇದಕ್ಕೂ ಏನು ವ್ಯತ್ಯಾಸ ಉಳಿಯಿತು?

ಮನೆ ದೂರವಿರುವವರಿಗೆ ಈ ಲೆಕ್ಕ ಇನ್ನೂ ಬಿಗಿ. ಕೆ.ಆರ್. ಪುರದ ತೂಗುಸೇತುವೆಯ ಆಚೆ ಮನೆ ಇರುವವಳು ಏಳೂವರೆಗೆ ರೈಲು ಹತ್ತಿದರೂ ಮನೆ ಸೇರುವಾಗ ಒಂಬತ್ತಾಗುತ್ತದೆ. ನಿಲ್ದಾಣದಿಂದ ಮನೆಗೆ ಮತ್ತೆ ಬಸ್ಸೋ ಶೇರ್ ಆಟೊವೋ ಹಿಡಿಯಬೇಕು. ಇಷ್ಟು ಹೊತ್ತು ಯಾಕೆ ಎಂದು ಮನೆಯಲ್ಲಿ ಕೇಳುತ್ತಾರೆ. ಆ ಪ್ರಶ್ನೆಗೆ ವಿಶ್ವವಿದ್ಯಾಲಯ ಕೊಡಬಹುದಾದ ಉತ್ತರ ಒಂದೇ: ದಾರಿ ಬೆಳಕಾಗಿದೆ, ಬಸ್ಸು ಗೇಟಿನವರೆಗೆ ಬರುತ್ತದೆ, ಮಗಳು ಓದುತ್ತಿದ್ದಾಳೆ.

ಖರ್ಚಿನ ಮಾತೂ ಇದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಉಚಿತವಾಯಿತು. ಅದರಿಂದ ಎಷ್ಟೋ ಹುಡುಗಿಯರ ಓದು ಉಳಿಯಿತು. ಆದರೆ ಕೆ.ಆರ್. ಪುರದಿಂದ ಜ್ಞಾನಭಾರತಿಗೆ ಬಸ್ಸಿನಲ್ಲಿ ಹೋಗುವುದೆಂದರೆ ಮೆಜೆಸ್ಟಿಕ್‌ನಲ್ಲೋ ಮಾರ್ಕೆಟ್ಟಿನಲ್ಲೋ ಬದಲಾಯಿಸಿ, ಟ್ರಾಫಿಕ್ಕಿನಲ್ಲಿ ಅರ್ಧ ದಿನ ಕಳೆದಂತೆ. ಮೆಟ್ರೊ ಬೇಗ ಮುಟ್ಟಿಸುತ್ತದೆ. 2025ರ ಫೆಬ್ರುವರಿಯಲ್ಲಿ ಅದರ ದರ ಏರಿ, ಗರಿಷ್ಠ ಟಿಕೆಟ್ 60 ರೂಪಾಯಿಯಿಂದ 90 ರೂಪಾಯಿಗೆ ಹೋಯಿತು. ಬಿಎಂಟಿಸಿಯಲ್ಲಿ ಇರುವಂಥ ವಿದ್ಯಾರ್ಥಿ ಪಾಸು ಮೆಟ್ರೊದಲ್ಲಿಲ್ಲ. ಪುಣೆ ಮೆಟ್ರೊ ವಿದ್ಯಾರ್ಥಿಗಳಿಗೆ ಶೇ 30ರಷ್ಟು ರಿಯಾಯಿತಿ ಕೊಡುತ್ತದೆ. ಬೆಂಗಳೂರಿನಲ್ಲಿ ಅದು ಆಗದ ಕೆಲಸವಲ್ಲ. ಕೇಳಬೇಕಾದವರು ಕೇಳಬೇಕು. ಮೂರು ವಿಶ್ವವಿದ್ಯಾಲಯಗಳ ಕುಲಪತಿಗಳು ಒಟ್ಟಾಗಿ ಬರೆದ ಪತ್ರಕ್ಕೆ ಇರುವ ತೂಕ, ಒಬ್ಬ ವಿದ್ಯಾರ್ಥಿಯ ಅರ್ಜಿಗೆ ಇರುವುದಿಲ್ಲ.

ಸೆಂಟ್ರಲ್ ಕಾಲೇಜಿನ ಅನುಭವ ಬೇರೆ ಬಗೆಯದು. 1858ರಲ್ಲಿ ಬೆಂಗಳೂರು ಹೈಸ್ಕೂಲಾಗಿ ಆರಂಭವಾದ ಆ ಸಂಸ್ಥೆಯಲ್ಲಿ ಸರ್ ಎಂ. ವಿಶ್ವೇಶ್ವರಯ್ಯ ಓದಿದರು, ರಾಜಾಜಿ ಓದಿದರು, ಸಿ.ಎನ್.ಆರ್. ರಾವ್ ಓದಿದರು. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಹುಟ್ಟುವವರೆಗೆ ಅದು ಮದ್ರಾಸ್ ವಿಶ್ವವಿದ್ಯಾಲಯದ ಕೆಳಗಿತ್ತು. ದಂಡಿನ ಸೇಂಟ್ ಜೋಸೆಫ್ ಕಾಲೇಜು ಅದರ ನಂತರವೂ ಬಹುಕಾಲ ಮದ್ರಾಸಿಗೇ ಸೇರಿತ್ತು. ಕಬ್ಬನ್ ಪಾರ್ಕಿನ ಈ ಬದಿಯಲ್ಲಿ ಓದಿದವರಿಗೂ ಆ ಬದಿಯಲ್ಲಿ ಓದಿದವರಿಗೂ ಪರೀಕ್ಷೆ ನಡೆಸುವ ಊರೇ ಬೇರೆಯಾಗಿತ್ತು. ನಗರ ಮತ್ತು ದಂಡು 1949ರಲ್ಲಿ ಒಂದೇ ಕಾರ್ಪೊರೇಷನ್ ಆದವು. ಇವತ್ತು ಬೆಂಗಳೂರು ನಗರ ವಿಶ್ವವಿದ್ಯಾಲಯದ ನೆಲೆ ಆ ಹಳೆಯ ಕಲ್ಲುಕಟ್ಟಡಗಳಲ್ಲಿದೆ. ಅದಕ್ಕೆ ಮನಮೋಹನ್ ಸಿಂಗ್ ಅವರ ಹೆಸರಿಡುವ ಘೋಷಣೆ 2025ರ ಮಾರ್ಚಿನ ಬಜೆಟ್ಟಿನಲ್ಲಿ ಆಯಿತು. ಜಾಗ ಚಿಕ್ಕದು, ಆದರೆ ಮೆಟ್ರೊದಿಂದ ಇಳಿದರೆ ಗೇಟು ಎದುರಿಗೇ. ಕತ್ತಲಾದರೂ ಸುತ್ತಲೂ ಜನ ಇರುತ್ತಾರೆ. ವಿದ್ಯಾರ್ಥಿಗಳಿಗೆ ಆವರಣದ ಅಳತೆ ಎಷ್ಟು ಮುಖ್ಯವೋ ಅದಕ್ಕೆ ಹೋಗಿ ಬರುವ ದಾರಿಯೂ ಅಷ್ಟೇ ಮುಖ್ಯ ಎಂಬುದು ಇಲ್ಲಿ ಗೊತ್ತಾಗುತ್ತದೆ.

ಇನ್ನು ಪೂರ್ವದ ದಿಕ್ಕು. ಬೆಂಗಳೂರು ವಿಶ್ವವಿದ್ಯಾಲಯವನ್ನು ಮೂರಾಗಿ ಒಡೆದಾಗ, ಕೆ.ಆರ್. ಪುರದ ಕಡೆಯ ಕಾಲೇಜುಗಳು ಬೆಂಗಳೂರು ಉತ್ತರ ವಿಶ್ವವಿದ್ಯಾಲಯದ ಪಾಲಿಗೆ ಬಂದವು. ಅದರ ಕೇಂದ್ರ ಕೋಲಾರದ ಟಮಕದಲ್ಲಿದೆ. ಹಳೆ ಮದ್ರಾಸ್ ರಸ್ತೆಯಲ್ಲೇ ಹೊಸಕೋಟೆ ದಾಟಿ ಹೋಗಬೇಕು. ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಮಕ್ಕಳಿಗೆ ಅದು ದೊಡ್ಡ ಅನುಕೂಲ, ಅದಕ್ಕೆ ಯಾರ ತಕರಾರೂ ಇರಬಾರದು. ಆದರೆ ಮಹದೇವಪುರ, ಕೆ.ಆರ್. ಪುರದ ಬಿ.ಕಾಂ. ವಿದ್ಯಾರ್ಥಿಗೆ ತನ್ನ ವಿಶ್ವವಿದ್ಯಾಲಯವೆಂದರೆ ಅಂಕಪಟ್ಟಿಯ ಮೇಲಿನ ಲಾಂಛನ ಮಾತ್ರ. ಅಂಕಪಟ್ಟಿಯಲ್ಲಿ ತಪ್ಪಾದರೆ, ಮರುಮೌಲ್ಯಮಾಪನದ ತಕರಾರಿದ್ದರೆ ಒಮ್ಮೆ ಅಲ್ಲಿಗೆ ಹೋದಾನು. ಉಳಿದಂತೆ ಅರ್ಜಿ, ಫೀಸು, ಹಾಲ್ ಟಿಕೆಟ್ ಎಲ್ಲವೂ ಯುಯುಸಿಎಂಎಸ್ ಎಂಬ ಆನ್‌ಲೈನ್ ಪೋರ್ಟಲಿನಲ್ಲಿ ಮುಗಿಯುತ್ತದೆ. ಮೂರು ವರ್ಷ ಓದಿ, ವಿಶ್ವವಿದ್ಯಾಲಯದ ಒಂದು ಮರದ ಕೆಳಗೂ ಕೂರದೆ ಪದವಿ ಪಡೆದವರು ಈ ಭಾಗದಲ್ಲಿ ಮನೆಮನೆಯಲ್ಲೂ ಸಿಗುತ್ತಾರೆ.

ದಂಡು ಪ್ರದೇಶದಿಂದ ಹಿಡಿದು ಕಾಡುಗೋಡಿಯವರೆಗೆ, ಇಷ್ಟು ದಟ್ಟವಾದ ಜನವಸತಿಯಲ್ಲಿ, ಸರ್ಕಾರಿ ವಿಶ್ವವಿದ್ಯಾಲಯದ ದೊಡ್ಡ ಆವರಣ ಒಂದೂ ಇಲ್ಲ. ನಗರದ ದೊಡ್ಡ ಹೆಸರುಗಳನ್ನು ನಕ್ಷೆಯಲ್ಲಿ ಗುರುತು ಮಾಡಿ ನೋಡಿ. ಭಾರತೀಯ ವಿಜ್ಞಾನ ಸಂಸ್ಥೆ ವಾಯವ್ಯಕ್ಕೆ, ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಉತ್ತರಕ್ಕೆ, ಜ್ಞಾನಭಾರತಿ ಪಶ್ಚಿಮಕ್ಕೆ, ಐಐಎಂ ದಕ್ಷಿಣಕ್ಕೆ. ಪೂರ್ವಕ್ಕೆ ಕಾರ್ಖಾನೆಗಳು ಬಂದವು, ಸೇನೆ ಇತ್ತು, ಆಮೇಲೆ ಸಾಫ್ಟ್‌ವೇರ್ ಬಂತು. ಓದಲು ಒಂದು ತೆರೆದ ಜಾಗ ಮಾತ್ರ ಬರಲಿಲ್ಲ. ಹಾಗಾಗಿಯೇ ಪರೀಕ್ಷೆಗಳಿಗೆ ತಯಾರಾಗುವ ಯುವಕ ಯುವತಿಯರು ಬೆಳಿಗ್ಗೆಯೇ ಕಬ್ಬನ್ ಪಾರ್ಕಿನ ಕೆಂಪು ಕಟ್ಟಡದ ಕೇಂದ್ರ ಗ್ರಂಥಾಲಯಕ್ಕೆ, ಬಡಾವಣೆಯ ಶಾಖಾ ಗ್ರಂಥಾಲಯಗಳಿಗೆ ಹೋಗಿ ಕುರ್ಚಿ ಹಿಡಿಯುತ್ತಾರೆ. ತಡವಾಗಿ ಬಂದವರು ಹೊರಗೆ ಕಲ್ಲುಬೆಂಚಿನ ಮೇಲೆ ಕೂತು ಓದುತ್ತಾರೆ.

ಬೇರೆ ಕಡೆ ಏನು ಮಾಡಿದ್ದಾರೆ ನೋಡಿ. ಮೆಕ್ಸಿಕೊ ನಗರದ ಸರ್ಕಾರಿ ವಿಶ್ವವಿದ್ಯಾಲಯ ಉನಾಮ್‌ನ ಆವರಣ 1950ರ ದಶಕದ ಆರಂಭದಲ್ಲಿ ಎದ್ದು ನಿಂತಿತು. 2007ರಲ್ಲಿ ಯುನೆಸ್ಕೊ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅದರ ಅಂಚಿನಲ್ಲೇ ಮೆಟ್ರೊ ನಿಲ್ದಾಣ. ಅಲ್ಲಿಂದ ಒಳಗಿನ ವಿಭಾಗಗಳಿಗೆ ‘ಪೂಮಾಬಸ್’ ಎಂಬ ಬಸ್ಸು ಓಡುತ್ತದೆ, ಟಿಕೆಟ್ ಇಲ್ಲ. ಬಾಡಿಗೆಯಿಲ್ಲದ ಸೈಕಲ್ಲುಗಳೂ ಇವೆ. ದೆಹಲಿಯ ಜೆಎನ್‌ಯುನಲ್ಲಿ ಗ್ರಂಥಾಲಯದ ಓದುವ ಕೋಣೆ ರಾತ್ರಿಯಿಡೀ ತೆರೆದಿರುವುದು ಹೆಸರುವಾಸಿ. ಇವು ಸಿರಿವಂತ ಖಾಸಗಿ ಸಂಸ್ಥೆಗಳಲ್ಲ. ಜನರ ತೆರಿಗೆಯಲ್ಲಿ ನಡೆಯುವ, ಬಡವರ ಮಕ್ಕಳೂ ಓದುವ ವಿಶ್ವವಿದ್ಯಾಲಯಗಳು.

ಆದ್ದರಿಂದ ತಮ್ಮ ಮುಂದೆ ಐದು ಬೇಡಿಕೆಗಳು.

ಮೊದಲನೆಯದು, ಜ್ಞಾನಭಾರತಿಯ ಒಳರಸ್ತೆಗಳನ್ನು ನಡೆಯುವವರಿಗೆ ಬಿಟ್ಟುಕೊಡಿ. ಹೊರಗಿನ ವಾಹನಗಳಿಗೆ ಬೇರೆ ದಾರಿ ಮಾಡಿಕೊಡಲು ಸರ್ಕಾರ ಮತ್ತು ಪಾಲಿಕೆಯೊಂದಿಗೆ ಕೂತು ಮಾತಾಡಿ, ದಿನಾಂಕ ಗೊತ್ತುಮಾಡಿ. ಮೆಟ್ರೊ ನಿಲ್ದಾಣದಿಂದ ವಿಭಾಗಗಳಿಗೂ ಹಾಸ್ಟೆಲುಗಳಿಗೂ ತರಗತಿಯ ವೇಳೆಗೆ ಹೊಂದುವಂತೆ ಚಿಕ್ಕ ಬಸ್ಸು ಓಡಲಿ. ಪ್ರತಿ ರಸ್ತೆಗೂ ಫುಟ್‌ಪಾತು, ಪ್ರತಿ ಫುಟ್‌ಪಾತಿಗೂ ದೀಪ ಬರಲಿ.

ಎರಡನೆಯದು, ಮೂರೂ ವಿಶ್ವವಿದ್ಯಾಲಯಗಳ ಗ್ರಂಥಾಲಯಗಳು ಪರಸ್ಪರ ಬಾಗಿಲು ತೆರೆಯಲಿ. ಸಂಯೋಜಿತ ಕಾಲೇಜಿನ ಗುರುತಿನ ಚೀಟಿ ಇದ್ದರೆ ಸಾಕು, ಶಿವಾಜಿನಗರದ ಬಿ.ಎ. ವಿದ್ಯಾರ್ಥಿನಿ ಸೆಂಟ್ರಲ್ ಕಾಲೇಜಿನಲ್ಲೂ ಜ್ಞಾನಭಾರತಿಯಲ್ಲೂ ಟಮಕದಲ್ಲೂ ಕೂತು ಓದುವಂತಾಗಲಿ. ಓದುವ ಕೋಣೆಗಳು ರಾತ್ರಿ ಹತ್ತರವರೆಗೆ, ಪರೀಕ್ಷೆಯ ತಿಂಗಳಲ್ಲಿ ಇನ್ನೂ ತಡವಾಗಿ ತೆರೆದಿರಲಿ.

ಮೂರನೆಯದು, ಪೂರ್ವದಲ್ಲಿ ಒಂದು ನೆಲೆ. ಬೈಯಪ್ಪನಹಳ್ಳಿಯ ಎನ್‌ಜಿಇಎಫ್ ಕಾರ್ಖಾನೆ 2002ರಲ್ಲಿ ಬಾಗಿಲು ಹಾಕಿತು. ಆ ಜಾಗದಲ್ಲಿ ವೃಕ್ಷೋದ್ಯಾನ ಮಾಡುವುದಾಗಿ ಸರ್ಕಾರ ಹೇಳಿದೆ. ಒಳ್ಳೆಯ ಯೋಚನೆ, ಒಂದು ಮರವನ್ನೂ ಕಡಿಯಬಾರದು. ಆದರೆ ಅಲ್ಲಿರುವ ಹಳೆಯ ಶೆಡ್ಡುಗಳಲ್ಲಿ ಒಂದನ್ನಾದರೂ ಓದುವ ಮನೆಯಾಗಿ, ಸಂಜೆ ಉಪನ್ಯಾಸಗಳ ಸಭಾಂಗಣವಾಗಿ, ಉತ್ತರ ಮತ್ತು ನಗರ ವಿಶ್ವವಿದ್ಯಾಲಯಗಳ ಜಂಟಿ ಅಧ್ಯಯನ ಕೇಂದ್ರವಾಗಿ ಮಾಡಲು ಅಡ್ಡಿಯೇನಿದೆ? ಮೆಟ್ರೊ ಪಕ್ಕದಲ್ಲೇ ಇದೆ. ಸಾರ್ವಜನಿಕ ಉದ್ದಿಮೆಯಲ್ಲಿ ದುಡಿದವರ ಮೊಮ್ಮಕ್ಕಳು ಅದೇ ನೆಲದಲ್ಲಿ ಓದುವುದಕ್ಕಿಂತ ಸೂಕ್ತವಾದ ಉಪಯೋಗ ಬೇರೆ ಇಲ್ಲ. ಪ್ರಸ್ತಾವ ತಮ್ಮ ಕಡೆಯಿಂದ ಹೋಗಬೇಕು.

ನಾಲ್ಕನೆಯದು, ಮೆಟ್ರೊದಲ್ಲಿ ವಿದ್ಯಾರ್ಥಿ ರಿಯಾಯಿತಿಗಾಗಿ ಮೂರೂ ಸಿಂಡಿಕೇಟುಗಳು ಒಂದೇ ನಿರ್ಣಯ ಮಾಡಿ ಮೆಟ್ರೊ ನಡೆಸುವ ಬಿಎಂಆರ್‌ಸಿಎಲ್‌ಗೂ ಸರ್ಕಾರಕ್ಕೂ ಕಳಿಸಲಿ.

ಐದನೆಯದು ಎಲ್ಲಕ್ಕಿಂತ ಸುಲಭದ್ದು, ಖರ್ಚೂ ಇಲ್ಲದ್ದು. ಕರ್ನಾಟಕದ ಕ್ಯಾಂಪಸ್ಸುಗಳಲ್ಲಿ ವಿದ್ಯಾರ್ಥಿ ಸಂಘದ ಚುನಾವಣೆಗಳು ನಿಂತು ಮೂರು ದಶಕ ಮೀರಿತು. ಚುನಾವಣೆ ಬೇಕೋ ಬೇಡವೋ ಎಂಬ ಚರ್ಚೆ ಅದರ ಪಾಡಿಗೆ ನಡೆಯಲಿ. ಆದರೆ ಆವರಣದ ರಸ್ತೆ, ದೀಪ, ಹಾಸ್ಟೆಲ್, ಲೈಬ್ರರಿ, ಕ್ಯಾಂಟೀನು, ಶೌಚಾಲಯಗಳ ಬಗ್ಗೆ ತೀರ್ಮಾನ ಮಾಡುವ ಸಭೆಗಳಲ್ಲಿ ವಿದ್ಯಾರ್ಥಿಗಳು ಕೂರಲಿ. ಅವರಲ್ಲಿ ಅರ್ಧದಷ್ಟು ಹೆಣ್ಣುಮಕ್ಕಳಿರಲಿ, ಹಾಸ್ಟೆಲಿನವರೂ ದೂರದಿಂದ ಬಂದು ಹೋಗುವವರೂ ಇರಲಿ. ಯಾವ ತಿರುವಿನಲ್ಲಿ ದೀಪ ಉರಿಯುವುದಿಲ್ಲ, ಯಾವ ಶೌಚಾಲಯಕ್ಕೆ ನೀರು ಬರುವುದಿಲ್ಲ ಎಂಬುದು ಅವರಿಗೆ ಗೊತ್ತಿರುವಷ್ಟು ಯಾವ ಎಂಜಿನಿಯರಿಗೂ ಗೊತ್ತಿರುವುದಿಲ್ಲ.

ಇದಕ್ಕೆಲ್ಲ ಹಣ ಎಲ್ಲಿದೆ ಎಂದು ತಾವು ಕೇಳಬಹುದು. ನಿವೃತ್ತರ ಪಿಂಚಣಿಗೂ ಅತಿಥಿ ಉಪನ್ಯಾಸಕರ ಗೌರವಧನಕ್ಕೂ ರಾಜ್ಯದ ವಿಶ್ವವಿದ್ಯಾಲಯಗಳು ಪರದಾಡುತ್ತಿರುವುದು ಗೊತ್ತಿರುವ ಸಂಗತಿ. ಹಾಗಿದ್ದರೂ ಈ ಐದರಲ್ಲಿ ಮೂರಕ್ಕೆ ಬೇಕಿರುವುದು ಮುಖ್ಯವಾಗಿ ನಿರ್ಧಾರ. ಲೈಬ್ರರಿಯ ವೇಳೆ ವಿಸ್ತರಿಸಲು ಒಂದಿಷ್ಟು ಸಿಬ್ಬಂದಿ ಬೇಕು, ಮೆಟ್ರೊ ರಿಯಾಯಿತಿಗೆ ಒಂದು ನಿರ್ಣಯ ಬೇಕು, ವಿದ್ಯಾರ್ಥಿಗಳನ್ನು ಸಭೆಗೆ ಕರೆಯಲು ಒಂದು ಸುತ್ತೋಲೆ ಸಾಕು. ಉಳಿದೆರಡಕ್ಕೆ ಸರ್ಕಾರದ ಹಣ ಬೇಕೇ ಬೇಕು. ಅದನ್ನು ಗಟ್ಟಿಯಾಗಿ, ಬಹಿರಂಗವಾಗಿ ಕೇಳಿ. ಕೇಳಿದರೆ ಪೂರ್ವ ಬೆಂಗಳೂರಿನ ವಿದ್ಯಾರ್ಥಿಗಳೂ ಅವರ ಮನೆಯವರೂ ತಮ್ಮ ಜೊತೆ ನಿಲ್ಲುತ್ತಾರೆ.

ಮುಂದಿನ ಸಿಂಡಿಕೇಟ್ ಸಭೆಯ ಕಾರ್ಯಸೂಚಿಯಲ್ಲಿ ಈ ಐದೂ ವಿಷಯಗಳನ್ನು ಸೇರಿಸಿ. ಆದ ನಿರ್ಣಯವನ್ನು, ಆಗದಿದ್ದರೆ ಆಗದಿರಲು ಕಾರಣವನ್ನು ಕನ್ನಡದಲ್ಲಿ ಬರೆಸಿ ಪ್ರತಿ ವಿಭಾಗದ, ಪ್ರತಿ ಸಂಯೋಜಿತ ಕಾಲೇಜಿನ ನೋಟಿಸ್ ಬೋರ್ಡಿಗೆ ಹಾಕಿಸಿ. ಹೊಸ ವಿದ್ಯಾರ್ಥಿಗಳು ಪ್ರವೇಶಕ್ಕೆ ಬರುವ ಮೊದಲೇ ಜ್ಞಾನಭಾರತಿಯ ರಸ್ತೆಗಳಿಗೆ ದೀಪ ಹಾಕಿಸಿ, ಲೈಬ್ರರಿಗಳ ಬಾಗಿಲು ತೆರೆಸಿ.


ಪೂರ್ವ ಬೆಂಗಳೂರಿನ ವಿದ್ಯಾರ್ಥಿಗಳ ಹಿತೈಷಿ